ಬರೆಯುವಾಗ ಎದುರಾಗುವ ಅಚ್ಚರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಥಾ ಕಮ್ಮಟಗಳಲ್ಲಿ, ಪತ್ರಗಳಲ್ಲಿ, ಬರೆಯುವ ಗೆಳೆಯ ಗೆಳತಿಯರ ಜೊತೆಗಿನ ಹರಟೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಅಂದುಕೊಳ್ಳದೇ ಇದ್ದದ್ದು ಬರೆಯುವಾಗ ಎದುರಾದರೆ ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡುವುದು ಅನ್ನುವುದೇ ಎಲ್ಲರ ಚಿಂತೆ. ಹೊಸಬರ ಪ್ರಶ್ನೆಗಳು ಮೊದಲಿಗಿವೆ. ನಿಮಗೆ ಬೇಕಾದ ಕಡೆಯಿಂದ ಓದಬಹುದು.

## ಈಗಷ್ಟೇ ಶುರು ಮಾಡಿದವರು

ಬರೆಯೋರಿಗೇ ಗೊತ್ತಿಲ್ಲದ್ದು ಬರವಣಿಗೆಯಲ್ಲಿ ಬರುತ್ತೆ ಅಂತಾರಲ್ಲ, ಅದು ನಿಜಾನಾ? ಸುಮ್ನೆ ದೊಡ್ಡ ಮಾತಾ?

ನಿಜ. ಇದರಲ್ಲಿ ಪವಾಡ ಏನೂ ಇಲ್ಲ. ತಲೆಯಲ್ಲಿರುವ ಕತೆ ಯಾವಾಗಲೂ ಮೊಟಕು. "ಮಗ ತೋಟ ಮಾರಿಸಲು ಬರುತ್ತಾನೆ, ಅಪ್ಪ ಒಪ್ಪುವುದಿಲ್ಲ" ಅನ್ನುವಷ್ಟೇ ಇರುತ್ತದೆ. ಬರೆಯಲು ಕೂತ ಕೂಡಲೇ ಒಂದರ ಹಿಂದೊಂದು ಸಣ್ಣ ಸಣ್ಣ ತೀರ್ಮಾನ ಮಾಡಬೇಕಾಗುತ್ತದೆ. ಅಪ್ಪ ಎಲ್ಲಿ ಕೂತಿದ್ದಾರೆ? ಕೈಯಲ್ಲಿ ಏನಿದೆ? ಮಗ ಬಂದವನೇ ಮಾತು ತೆಗೆದನಾ, ಕಾಫಿ ಕುಡಿಯುವವರೆಗೆ ಕಾದನಾ?

ಇದನ್ನೇ ಸ್ವಲ್ಪ ಬರೆದು ನೋಡೋಣ. ಶೃಂಗೇರಿ ಕಡೆಯ ಮನೆ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಸೊರಗಿದೆ. ಮಗ ಬೆಂಗಳೂರಿನಿಂದ ಬಂದಿದ್ದಾನೆ. ಅಪ್ಪಯ್ಯ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ನಿಮ್ಮ ಲೆಕ್ಕದ ಪ್ರಕಾರ ಈಗ ಅಪ್ಪಯ್ಯ ಸಿಟ್ಟಾಗಬೇಕು. ಮಗ ಮಾತು ತೆಗೆಯುತ್ತಾನೆ. ಅಪ್ಪಯ್ಯನ ಕೈ ನಿಲ್ಲುವುದಿಲ್ಲ. ಇನ್ನೂ ನಾಲ್ಕು ಅಡಿಕೆ ಸುಲಿದು ಬುಟ್ಟಿಗೆ ಹಾಕುತ್ತಾರೆ. ಆಮೇಲೆ ತಲೆ ಎತ್ತದೆ ಕೇಳುತ್ತಾರೆ: "ಎಕರೆಗೆ ಎಷ್ಟು ಕೊಡ್ತಾರಂತೆ?"

ಈ ಮಾತು ನಿಮ್ಮ ಲೆಕ್ಕದಲ್ಲಿ ಇರಲಿಲ್ಲ. ಅದು ಹುಟ್ಟಿದ್ದು ಸುಲಿಯುತ್ತಿದ್ದ ಕೈಯಿಂದ. ಕೈ ನಿಲ್ಲಲಿಲ್ಲ ಅಂತ ಬರೆದಾಗಲೇ, ಈ ಸುದ್ದಿ ಅವರಿಗೆ ಹೊಸದಲ್ಲ ಅನ್ನುವುದು ವಾಕ್ಯದೊಳಗೆ ಬಂದು ಕೂತಿತು. ಅವರು ಎಷ್ಟೋ ದಿನದಿಂದ ಮಾರುವ ಯೋಚನೆಯಲ್ಲೇ ಇದ್ದರು. ಮಗನೇ ಬಾಯಿ ಬಿಡಲಿ ಅಂತ ಕಾಯುತ್ತಿದ್ದರು. ಇನ್ನು ಮುಂದೆ ಇದು ಮಗನ ಕತೆ. ಅಪ್ಪ ಬೇಡ ಅನ್ನುತ್ತಾರೆ ಅನ್ನುವ ಧೈರ್ಯದಲ್ಲೇ ಅವನು ಬಂದಿದ್ದ. ಈಗ ಏನು ಮಾಡುತ್ತಾನೆ? ಕೂತು ಬರೆಯದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹಾಗಾದ್ರೆ ಪ್ಲಾನ್ ಮಾಡಲೇಬಾರದಾ?

ಮಾಡಿ. ಪ್ಲಾನಿಗೂ ಅಚ್ಚರಿಗೂ ಜಗಳ ಇಲ್ಲ. ಕರಾವಳಿ, ಮಲೆನಾಡಿನ ಕಡೆ ತಾಳಮದ್ದಳೆ, ಅಂದರೆ ಕೂತು ಬರೀ ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುವ ಪದ್ಯ ಯಾವತ್ತೋ ಬರೆದಿಟ್ಟದ್ದು. ಯಾರು ಗೆಲ್ಲುತ್ತಾರೆ, ಯಾರು ಸಾಯುತ್ತಾರೆ ಎಲ್ಲ ನಿಗದಿ. ಆದರೆ ಪದ್ಯ ಮುಗಿದ ಮೇಲೆ ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಆಡುವ ಮಾತು ಅಲ್ಲೇ, ಆಗಲೇ ಹುಟ್ಟಬೇಕು. ಬಾಣ ತಿಂದು ವಾಲಿ ಬೀಳುತ್ತಾನೆ ಅನ್ನುವುದು ಕೂತ ಎಲ್ಲರಿಗೂ ಗೊತ್ತು. ಬಿದ್ದವನು "ಮರೆಯಲ್ಲಿ ನಿಂತು ಯಾಕೆ ಹೊಡೆದೆ" ಅಂತ ಕೇಳುತ್ತಾನಲ್ಲ, ಅಲ್ಲಿಂದ ಮುಂದೆ ರಾಮನ ಪಾತ್ರಧಾರಿಗೆ ಎಂಥ ಪ್ರಶ್ನೆ ಎದುರಾಗುತ್ತದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ ಎದುರಿನ ರಾಮ ಮೈಯೆಲ್ಲ ಕಿವಿಯಾಗಿ ಇರಬೇಕಿತ್ತು. ಅದೇ ಪ್ರಸಂಗ ಕೇಳಲು ಜನ ಮತ್ತೆ ಮತ್ತೆ ಹೋಗುವುದು ಈ ಮಾತಿಗಾಗಿಯೇ.

ನಿಮ್ಮ ಪ್ಲಾನಿನಲ್ಲೂ ಇಷ್ಟೇ ಇರಲಿ: ಏನಾಗುತ್ತದೆ, ಯಾವಾಗ, ಎಲ್ಲಿ. ಯಾರು ಏನು ಹೇಳುತ್ತಾರೆ, ಯಾಕೆ ಹಾಗೆ ಮಾಡುತ್ತಾರೆ ಅನ್ನುವುದನ್ನು ಬರೆಯುವ ಹೊತ್ತಿಗೆ ಬಿಡಿ. "ಇಲ್ಲಿ ಅವಳಿಗೆ ದುಃಖವಾಗುತ್ತದೆ" ಅಂತ ಮೊದಲೇ ಗುರುತು ಹಾಕಿಕೊಂಡರೆ ಅವಳಿಗೆ ಬೇರೇನೂ ಆಗಲು ನೀವು ಬಿಡುವುದಿಲ್ಲ.

ಸ್ಫೂರ್ತಿ ಬರೋವರೆಗೂ ಕಾಯಬೇಕಾ?

ಬೇಡ. ಈ ಪ್ರಶ್ನೆ ಬಂದಾಗೆಲ್ಲ ಯಾರಾದರೂ ಲೇಖಕ ಕಾಫ್ಕಾ ಹೆಸರು ಹೇಳುತ್ತಾರೆ. ಕಾಫ್ಕಾ 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತು ಗಂಟೆಗೆ ಕೂತು ಬೆಳಗಿನ ಆರಕ್ಕೆ ಒಂದು ಇಡೀ ಕತೆ ಮುಗಿಸಿದ್ದು ಹೌದು. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ದಿನಚರಿ ಬರೆದಿದ್ದರು. ಶುರುವಾಗಿ ಅರ್ಧಕ್ಕೆ ನಿಂತ ಎಷ್ಟೋ ತುಣುಕುಗಳು ಅದರಲ್ಲಿವೆ. ಒಳ್ಳೆಯ ರಾತ್ರಿ ಬಂದಾಗ ಪೆನ್ನು ಹಿಡಿದು ಕೂತಿರಬೇಕು ಅಂದರೆ ಬೇರೆ ರಾತ್ರಿಗಳಲ್ಲೂ ಕೂತು ಅಭ್ಯಾಸ ಇರಬೇಕು.

ನನಗೆ ಕತೆಯ ಕೊನೆಯೇ ಮೊದಲು ಹೊಳೆಯೋದು ಮೇಡಂ. ಅದು ತಪ್ಪಾ?

ತಪ್ಪೇನಿಲ್ಲ, ತುಂಬಾ ಜನರಿಗೆ ಹಾಗೇ ಆಗುತ್ತದೆ. ಕೊನೆಯ ದೃಶ್ಯ ಇಟ್ಟುಕೊಳ್ಳಿ, ಅದರ ಅರ್ಥ ಇಟ್ಟುಕೊಳ್ಳಬೇಡಿ. "ಅವಳು ಬಸ್ಸು ಹತ್ತುತ್ತಾಳೆ" ಅನ್ನುವುದು ದೃಶ್ಯ. "ಅವಳಿಗೆ ಬಿಡುಗಡೆ ಸಿಗುತ್ತದೆ" ಅನ್ನುವುದು ನೀವು ಮುಂಗಡವಾಗಿ ಕೊಟ್ಟ ತೀರ್ಪು. ಬಸ್ಸು ಹತ್ತುವ ಹೊತ್ತಿಗೆ ಅವಳು ಗೆದ್ದಿದ್ದಾಳಾ, ಸೋತಿದ್ದಾಳಾ, ಯಾವ ಊರಿಗೆ ಟಿಕೆಟ್ ಕೇಳುತ್ತಾಳೆ ಅನ್ನುವುದು ಅಲ್ಲಿಗೆ ತಲುಪಿದ ಮೇಲೆ ಗೊತ್ತಾಗಲಿ.

## ಬರೆಯುತ್ತಾ ಕೂತಾಗ

ಪಾತ್ರಗಳು ತಾವೇ ಮಾತಾಡ್ತವೆ ಅಂತಾರೆ. ನನ್ನ ಪಾತ್ರಗಳು ಬಾಯೇ ಬಿಡಲ್ಲ.

ಮೊದಲು ಅವು ಯಾವ ಕನ್ನಡದಲ್ಲಿ ಮಾತಾಡುತ್ತಿವೆ ನೋಡಿ. ಧಾರವಾಡದ ಅಜ್ಜಿ "ನೀನು ಊಟ ಮಾಡಿದೆಯಾ?" ಅಂದರೆ ಆಕೆ ಅಲ್ಲಿಗೇ ನಿಲ್ಲುತ್ತಾಳೆ. "ಊಟ ಆತೇನೋ ತಮ್ಮಾ?" ಅಂದಳು ಅಂದರೆ ಮುಂದಿನ ಮಾತು ನಿಮ್ಮನ್ನು ಕೇಳದೆ ಬರುತ್ತದೆ. ರೊಟ್ಟಿ ಬರುತ್ತದೆ, ಸೊಸೆಯ ಮೇಲಿನ ದೂರು ಬರುತ್ತದೆ, ಸತ್ತುಹೋದ ಗಂಡನ ಹೆಸರು ಬರುತ್ತದೆ. ಯಾಕಂದರೆ ಆ ಮಾತಿನ ಜೊತೆ ಒಂದು ಮನೆ ಇದೆ. ನೀವು ಬೆಳೆದ ಮನೆಯ ಮಾತು ಯಾವುದೋ ಅದರಲ್ಲೇ ಸಂಭಾಷಣೆ ಬರೆಯಿರಿ. ಓದುಗರಿಗೆ ಅರ್ಥವಾಗುತ್ತದೋ ಇಲ್ಲವೋ ಅನ್ನುವ ಯೋಚನೆ ಎರಡನೇ ಕರಡಿಗೆ ಇರಲಿ.

ಇನ್ನೊಂದು, ಪಾತ್ರಗಳಿಗೆ ಮಾಡಲು ಕೆಲಸ ಕೊಡಿ. ಅಣ್ಣ ತಮ್ಮ ಆಸ್ತಿ ವಿಷಯಕ್ಕೆ ಜಗಳ ಆಡಬೇಕು ಅಂತಿಟ್ಟುಕೊಳ್ಳಿ. ಎದುರುಬದುರು ಕುರ್ಚಿಯಲ್ಲಿ ಕೂರಿಸಿದರೆ ಇಬ್ಬರೂ ವಕೀಲರ ಹಾಗೆ ಮಾತಾಡುತ್ತಾರೆ. ಬದಲಿಗೆ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಲು ಹಚ್ಚಿ. ರೆಗ್ಯುಲೇಟರ್ ಕೂರುತ್ತಿಲ್ಲ. ತಮ್ಮ ಒತ್ತುತ್ತಾನೆ, ತಿರುಗಿಸುತ್ತಾನೆ. "ಬಿಡು, ನಿನ್ನ ಕೈಲಿ ಆಗಲ್ಲ" ಅಂತ ಅಣ್ಣ ಕೈ ಚಾಚುತ್ತಾನೆ. ತಮ್ಮ ರೆಗ್ಯುಲೇಟರ್ ಬಿಡುವುದಿಲ್ಲ. "ಅಪ್ಪ ಆಸ್ಪತ್ರೇಲಿದ್ದಾಗ ಆಗಿತ್ತಲ್ಲ ನನ್ನ ಕೈಲಿ?" ಅನ್ನುತ್ತಾನೆ. ಆಸ್ಪತ್ರೆಯ ವಿಷಯ ನಿಮ್ಮ ಪ್ಲಾನಿನಲ್ಲಿ ಇರಲಿಲ್ಲ. ಆಸ್ತಿ ಜಗಳದ ಬೇರು ಅದೇ ಅಂತ ಈಗ ಗೊತ್ತಾಯಿತು.

ಕತೆ ಅರ್ಧಕ್ಕೆ ಬಂದ ಮೇಲೆ ಬೇರೆ ಕಡೆ ಹೊರಟಿತು. ಹಿಂದೆ ಹೋಗಲಾ, ಎಳೆದು ತರಲಾ?

ಇದ್ದದ್ದನ್ನು ಇನ್ನೊಂದು ಫೈಲಿನಲ್ಲಿ ಉಳಿಸಿ, ಹೊಸ ದಾರಿಯಲ್ಲಿ ಎರಡು ಪುಟ ಬರೆಯಿರಿ. ಕಳೆದುಕೊಳ್ಳುವುದು ಏನೂ ಇಲ್ಲ. ಆಮೇಲೆ ಮೊದಲಿನಿಂದ ಓದಿ. ಹಿಂದೆ ಬರೆದ ಯಾವುದಾದರೂ ಸಾಲಿಗೆ ಈಗ ಮೊದಲಿಗಿಂತ ಜಾಸ್ತಿ ಅರ್ಥ ಬಂದಿದೆಯಾ? ಬಂದಿದ್ದರೆ ಕತೆ ತನ್ನ ದಾರಿ ತಾನು ಕಂಡುಕೊಂಡಿದೆ. ಹಿಂದೆಯೇ ಹೋಗಿ.

ಎಲ್ಲ ತಿರುವೂ ಹಾಗಿರುವುದಿಲ್ಲ. ಗಂಡ ಹೆಂಡತಿಯ ಕಷ್ಟದ ದೃಶ್ಯ ಶುರುವಾಗುತ್ತದೆ, ಅಷ್ಟರಲ್ಲಿ ಫೋನ್ ಬರುತ್ತದೆ, ಮಳೆ ಸುರಿಯುತ್ತದೆ, ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಿಕೊಂಡು ಬರುತ್ತಾರೆ. ಇವೆಲ್ಲ ಆ ದೃಶ್ಯ ಬರೆಯಲು ಹೆದರಿ ನಾವು ಕರೆಸಿಕೊಂಡ ಅತಿಥಿಗಳು. ಕಮ್ಮಟಕ್ಕೆ ಬರುವ ಕತೆಗಳಲ್ಲಿ ನಾನು ಅತಿ ಹೆಚ್ಚು ಸಲ ಕಾಣುವುದು ಇದನ್ನೇ. ದೃಶ್ಯದೊಳಗೆ ಹೀಗೆ ಯಾರಾದರೂ ಬಂದ ಕೂಡಲೇ "ಇವರು ಬರದಿದ್ದರೆ ಈಗ ಏನು ಬರೆಯಬೇಕಿತ್ತು?" ಅಂತ ಕೇಳಿಕೊಳ್ಳಿ. ಉತ್ತರ ಹೊಳೆದು ಎದೆ ಸ್ವಲ್ಪ ಹೊಡೆದುಕೊಂಡರೆ ಅತಿಥಿಯನ್ನು ವಾಪಸ್ ಕಳಿಸಿ.

ಎರಡು ಪುಟಕ್ಕೇ ನಿಂತುಹೋಗುತ್ತೆ. ಮುಂದೇನು ಅಂತ ಹೊಳೆಯೋದೇ ಇಲ್ಲ.

ಮುಂದೆ ನೋಡುವುದು ಬಿಟ್ಟು ಬರೆದ ಎರಡು ಪುಟ ಓದಿ. ಸುಮ್ನೆ ಜಾಗ ತುಂಬಲು ಹಾಕಿದ ವಸ್ತು ಒಂದಾದರೂ ಇರುತ್ತದೆ. ಗೋಡೆ ಮೇಲೆ ಹಳೆ ಕ್ಯಾಲೆಂಡರ್ ಅಂತ ಬರೆದಿದ್ದೀರಿ. ಯಾವ ವರ್ಷದ್ದು? ಯಾವ ತಿಂಗಳಲ್ಲಿ ನಿಂತಿದೆ? ಹಾಲಿನ ಲೆಕ್ಕ ಯಾರ ಕೈಬರಹದಲ್ಲಿದೆ? ಹೊಸ ಕ್ಯಾಲೆಂಡರ್ ಬಂದರೂ ಅದನ್ನು ತೆಗೆಯದೆ ಬಿಟ್ಟವರು ಯಾರು? ನಾಲ್ಕರಲ್ಲಿ ಒಂದು ಪ್ರಶ್ನೆಗಾದರೂ ನಿಮಗೆ ಉತ್ತರ ಗೊತ್ತಿರುವುದಿಲ್ಲ. ಅಲ್ಲಿಂದ ಬರೆಯಿರಿ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರು ಗುತ್ತಿಯ ಜೊತೆ ನಡೆಯುವ ನಾಯಿ ಹುಲಿಯನನ್ನು ಮರೆಯುವುದಿಲ್ಲ. ಅಷ್ಟು ಜನ ತುಂಬಿದ ಕಾದಂಬರಿಯಲ್ಲಿ ಒಂದು ನಾಯಿಗೆ ಅಷ್ಟು ಜಾಗ ಸಿಕ್ಕಿದೆ. ಕತೆಯಲ್ಲಿ ಕಾಲಿಟ್ಟ ಯಾವುದನ್ನೂ ಅಲಕ್ಷ್ಯ ಮಾಡದೆ ಇರುವುದು ಬರೆಯುವವರಿಗೆ ಬಹಳ ಕೊಡುತ್ತದೆ.

ಮೊಬೈಲಿನಲ್ಲಿ ಬರೆದರೆ ಪರವಾಗಿಲ್ವಾ? ಎಐ ಹತ್ತಿರ ಐಡಿಯಾ ಕೇಳಬಹುದಾ?

ಯಾವುದರಲ್ಲಿ ಬರೆದರೂ ಸರಿ, ಆದರೆ ಕೀಬೋರ್ಡ್ ಮುಂದಿನ ಪದ ತೋರಿಸುತ್ತದಲ್ಲ, ಅದನ್ನು ಆಫ್ ಮಾಡಿ. ಎಲ್ಲರೂ ಜಾಸ್ತಿ ಬಳಸುವ ಪದವನ್ನೇ ಅದು ಮುಂದಿಡುತ್ತದೆ. "ತುಂಬಾ" ಅಂತ ಹೊಡೆಯುವಷ್ಟರಲ್ಲಿ "ಚೆನ್ನಾಗಿದೆ" ಬಂದು ನಿಂತಿರುತ್ತದೆ. ನೀವು ಇನ್ನೂ ಹುಡುಕುತ್ತಿದ್ದಿರಿ, ಅದು ಹುಡುಕಾಟ ಮುಗಿಸಿಬಿಟ್ಟಿತು.

ಎಐ ವಿಷಯದಲ್ಲೂ ನನ್ನ ಅಭಿಪ್ರಾಯ ಹೆಚ್ಚುಕಮ್ಮಿ ಇದೇ. ಕತೆಗೆ ತಿರುವು ಕೇಳಿದರೆ ಸಾಮಾನ್ಯವಾಗಿ ಯಾರಿಗಾದರೂ ಹೊಳೆಯುವಂಥದ್ದು ಬರುತ್ತದೆ. ಕೆಲವರು ಅದು ಕೊಟ್ಟದ್ದನ್ನೆಲ್ಲ "ಇವು ಬೇಡ" ಅಂತ ಪಟ್ಟಿ ಮಾಡಿಕೊಂಡು ಬೇರೆಯದನ್ನು ಹುಡುಕುತ್ತಾರೆ. ಹಾಗೆ ಬಳಸಿದರೆ ಉಪಯೋಗ ಇದೆ. ಅಪ್ಪಯ್ಯನ ಕೈ ಯಾಕೆ ನಿಲ್ಲಲಿಲ್ಲ ಅನ್ನುವುದನ್ನು ಮಾತ್ರ ನೀವೇ ಕೂತು ಕಂಡುಕೊಳ್ಳಬೇಕು.

## ಪದ್ಯ ಬರೆಯುವವರು

ಛಂದಸ್ಸು, ಪ್ರಾಸ ಅಂತ ಕೈಕಾಲು ಕಟ್ಟಿದರೆ ಅಚ್ಚರಿ ಎಲ್ಲಿಂದ ಬರಬೇಕು?

ನನ್ನನ್ನು ಕೇಳಿದರೆ ಕನ್ನಡದಲ್ಲಿ ಅಚ್ಚರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿಲ್ಲ. ಕುಮಾರವ್ಯಾಸ ತನ್ನ ಭಾರತ ಹೇಳಿದ ಭಾಮಿನಿ ಷಟ್ಪದಿಯನ್ನೇ ತಗೊಳ್ಳಿ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23 ಮಾತ್ರೆ. ಇದರ ಮೇಲೆ ಆದಿಪ್ರಾಸ: ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮೊದಲ ಅಕ್ಷರ ಲಘು, ಅಂದರೆ ಒಂದೇ ಮಾತ್ರೆಯದು, ಆದರೆ ಎಲ್ಲ ಸಾಲಿನಲ್ಲೂ ಲಘುವೇ ಆಗಬೇಕು.

ನೀವು ಮಳೆಯ ಬಗ್ಗೆ ಬರೆಯಲು ಕೂತಿದ್ದೀರಿ. ಮೊದಲ ಪದ "ಮಳೆ". ಅಲ್ಲಿಗೆ ಎರಡನೇ ಅಕ್ಷರ "ಳ" ಅಂತ ನಿಂತಿತು. ಮೊದಲ ಅಕ್ಷರ ಲಘು, ಹಾಗಾಗಿ "ಬಾಳು", "ಕೇಳು" ನಡೆಯುವುದಿಲ್ಲ. ಉಳಿದದ್ದು ಹೊಳೆ, ಹಳೆಯ, ಇಳಿ, ಮುಳುಗು, ಎಳೆ, ಬಳೆ. ಹೊಳೆ, ಇಳಿ, ಮುಳುಗು ಎಲ್ಲ ಮಳೆಯ ನೆಂಟರೇ, ಅವು ಯಾರಿಗಾದರೂ ಹೊಳೆಯುತ್ತವೆ. ಆದರೆ ಆರು ಸಾಲು ತುಂಬಬೇಕಲ್ಲ, ಕೊನೆಗೆ ಬಳೆ ಬರಲೇಬೇಕಾಯಿತು. ಮಳೆಗೂ ಬಳೆಗೂ ಏನು ಸಂಬಂಧ? ಹೊಳೆ ದಾಟಲಾಗದೆ ತವರಿಗೆ ಹೋಗದೇ ಉಳಿದವಳ ಕೈ ಕಣ್ಣ ಮುಂದೆ ಬಂತು. ಅವಳು ಪದ್ಯದೊಳಗೆ ಬಂದದ್ದು ಪ್ರಾಸದ ಬಾಗಿಲಿನಿಂದ. ನೀವು ಕರೆದಿರಲಿಲ್ಲ.

ಸಭೆಯಲ್ಲಿ ಒಡ್ಡಿದ ಸವಾಲಿಗೆ ಆಗಲೇ ಪದ್ಯ ಕಟ್ಟಿ ಹೇಳುವ ಅವಧಾನದಲ್ಲಿ ಇದನ್ನು ಎಲ್ಲರ ಕಣ್ಣೆದುರೇ ಮಾಡುತ್ತಾರೆ. ನಿಷೇಧಾಕ್ಷರಿಯಲ್ಲಿ ಅವಧಾನಿ ಮುಂದೆ ಯಾವ ಅಕ್ಷರ ಹೇಳಬಹುದು ಅಂತ ಊಹಿಸಿ ಸವಾಲು ಹಾಕುವ ಪೃಚ್ಛಕರು "ಅದು ಬೇಡ" ಅನ್ನುತ್ತಾರೆ. ಅಂದುಕೊಂಡ ಪದ ಅಲ್ಲೇ ಬಿದ್ದುಹೋಗುತ್ತದೆ, ಇನ್ನೊಂದನ್ನು ಹಿಡಿಯಬೇಕು. ದತ್ತಪದಿಯಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಕೊಟ್ಟು, ಕೊಟ್ಟ ವಸ್ತುವಿನ ಮೇಲಿನ ಪದ್ಯದಲ್ಲಿ ಅವನ್ನು ಕೂರಿಸಿ ಅನ್ನುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಿಂದ ಕನ್ನಡದಲ್ಲಿ ಈ ಕಲೆಗೆ ಮತ್ತೆ ಜನ ಸೇರಿದರು. ಪ್ಯಾರಿಸ್‌ನಲ್ಲಿ 1960ರಲ್ಲಿ ಊಲಿಪೊ ಅನ್ನುವ ಬರಹಗಾರರ ಗುಂಪು ಹುಟ್ಟಿ, ಇಂಥದೇ ಕಟ್ಟುಪಾಡುಗಳನ್ನು ಬೇಕಂತಲೇ ಹಾಕಿಕೊಂಡಿತು. ಆ ಗುಂಪಿನ ಜಾರ್ಜ್ ಪೆರೆಕ್ 1969ರಲ್ಲಿ 'ಇ' ಅಕ್ಷರವೇ ಇಲ್ಲದ ಇಡೀ ಕಾದಂಬರಿ ಬರೆದರು. ಫ್ರೆಂಚ್‌ನಲ್ಲಿ ಅತಿ ಹೆಚ್ಚು ಬರುವ ಅಕ್ಷರ ಅದು.

ಮನೆಯಲ್ಲೇ ಮಾಡಿ ನೋಡಿ. ನಾಲ್ಕು ಜನರ ಹತ್ತಿರ ಒಂದೊಂದು ಪದ ಕೇಳಿ. ಚಾರ್ಜರ್, ಸೋದರಮಾವ, ಹುಣಸೆಹಣ್ಣು, ನಾಳೆ ಅಂತ ಬಂತು ಅಂದುಕೊಳ್ಳಿ. ನಾಲ್ಕೂ ಬರುವ ಹಾಗೆ ಎಂಟು ಸಾಲು ಬರೆಯಿರಿ. ಪದ್ಯ ಚೆನ್ನಾಗಿರಬೇಕು ಅಂತಿಲ್ಲ. ನಿಮ್ಮ ಕೈ ಯಾವತ್ತೂ ಹೋಗದ ಕಡೆ ಹೋಗಿರುತ್ತದೆ.

ನಾನು ಮುಕ್ತಛಂದದಲ್ಲಿ ಬರೆಯೋದು. ನನಗೆ ಆ ಒತ್ತಡ ಎಲ್ಲಿ ಸಿಗುತ್ತೆ?

ಸಾಲು ಮುರಿಯುವ ಜಾಗದಲ್ಲಿ. "ಅವನು ಬರಲಿಲ್ಲ ಅಂತ" ಅನ್ನುವಲ್ಲಿ ಸಾಲು ಮುರಿದು ನಿಲ್ಲಿ. ಕೆಳಗಿನ ಸಾಲಿಗೆ "ಅಳು ಬಂತು" ಅನ್ನುವುದು ತಾನಾಗಿ ಬರುತ್ತದೆ. ಅದನ್ನು ಬರೆಯದೆ ಸ್ವಲ್ಪ ಕಾದರೆ "ಎರಡು ತುತ್ತು ಜಾಸ್ತಿ ಉಂಡೆ" ಬರಬಹುದು. ಬರೆದದ್ದನ್ನು ಗಟ್ಟಿಯಾಗಿ ಓದಿ. ಛಂದಸ್ಸಿನ ಲೆಕ್ಕ ಸಡಿಲಿಸಿದ ಗೋಪಾಲಕೃಷ್ಣ ಅಡಿಗರು ಲಯ ಬಿಟ್ಟವರಲ್ಲ. ಬಾಯಲ್ಲಿ ಓದಿದಾಗ ಮುಂದಿನ ಪದವನ್ನು ಎಷ್ಟೋ ಸಲ ಕಿವಿಯೇ ಹೇಳುತ್ತದೆ.

## ತಿದ್ದುವಾಗ

ಬರೆಯುವಾಗ ನನಗೆ ಮೈ ಜುಮ್ ಅಂತು. ಓದಿದವರು 'ಚೆನ್ನಾಗಿದೆ' ಅಂದು ಸುಮ್ಮನಾದರು. ಯಾಕೆ?

ಅಚ್ಚರಿಯಾದ ಸಾಲಿನ ಮುಂದಿನ ಸಾಲು ನೋಡಿ. ಹೆಚ್ಚಿನ ಸಲ ಅಲ್ಲಿ ವಿವರಣೆ ಇರುತ್ತದೆ. ಅಪ್ಪಯ್ಯ "ಎಕರೆಗೆ ಎಷ್ಟು" ಅಂತ ಕೇಳಿದ ಮೇಲೆ "ಅಪ್ಪ ಇಷ್ಟು ದಿನ ಇದಕ್ಕೇ ಕಾಯುತ್ತಿದ್ದರು ಎಂದು ಅವನಿಗೆ ಅರಿವಾಯಿತು" ಅಂತ ಸೇರಿಸಿದರೆ ಓದುಗರಿಗೆ ಉಳಿಯುವುದು ಏನು? ಅವರು ತಾವೇ ಕಂಡುಕೊಳ್ಳಬೇಕಾದ್ದನ್ನು ನೀವು ಕಿತ್ತುಕೊಂಡಿರಿ. ಆ ಸಾಲು ಹೊಡೆದುಹಾಕಿ.

ಕೆಲವು ಸಲ ಕಾರಣ ಬೇರೆ. ನಿಮ್ಮನ್ನು ಅಲ್ಲಿಗೆ ತಂದ ಮೆಟ್ಟಿಲು ಪುಟದ ಮೇಲೆ ಇಲ್ಲ, ತಲೆಯಲ್ಲೇ ಉಳಿದಿದೆ. ಓದಿದ ಗೆಳೆಯರಿಗೆ "ಹೇಗಿದೆ" ಅಂತ ಕೇಳಬೇಡಿ. "ಯಾವ ಸಾಲಿನಲ್ಲಿ ಹಿಂದೆ ಹೋಗಿ ಮತ್ತೆ ಓದಿದೆ?" ಅಂತ ಕೇಳಿ. ಉತ್ತರ ನಿಮಗೆ ಬೇಕಾದ ಸಾಲಿನ ಹತ್ತಿರವೂ ಬರದಿದ್ದರೆ ಮೆಟ್ಟಿಲು ಕಟ್ಟುವ ಕೆಲಸ ಬಾಕಿ ಇದೆ.

ಕೊನೆಯಲ್ಲಿ ಒಂದು ಟ್ವಿಸ್ಟ್ ಇಟ್ಟರೆ ಸಾಲದಾ? ಸ್ಪರ್ಧೆಯಲ್ಲಿ ಅಂಥ ಕತೆಗಳೇ ಗೆಲ್ಲೋದು ಅಲ್ವಾ?

ಟ್ವಿಸ್ಟ್ ಅಂದರೆ ಬರೆಯುವವರಿಗೆ ಮೊದಲೇ ಗೊತ್ತಿದ್ದು ಓದುಗರಿಂದ ಬಚ್ಚಿಟ್ಟದ್ದು. ಪತ್ತೇದಾರಿ ಕತೆಗೆ ಅದು ಬೇಕು, ಅದನ್ನು ಚೆನ್ನಾಗಿ ಮಾಡುವುದು ಸುಲಭವೂ ಅಲ್ಲ. ನಾನು ಇಲ್ಲಿ ಹೇಳುತ್ತಿರುವ ಅಚ್ಚರಿ ಬರೆಯುವವರಿಗೂ ಆದದ್ದು. ಎರಡನ್ನೂ ಬೇರೆ ಮಾಡಿ ನೋಡಲು ಕತೆಯನ್ನು ಎರಡನೇ ಸಲ ಓದಿದರೆ ಸಾಕು. ಬರೀ ಟ್ವಿಸ್ಟ್ ಮೇಲೆ ನಿಂತ ಕತೆ ಗುಟ್ಟು ಗೊತ್ತಾದ ಮೇಲೆ ಸಪ್ಪೆ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಿಗೆ ಬರುವ ಕತೆಗಳನ್ನು ತೀರ್ಪುಗಾರರು ಒಂದಕ್ಕಿಂತ ಹೆಚ್ಚು ಸಲ ಓದುತ್ತಾರೆ ಅಂತ ನಂಬಿಕೊಂಡೇ ಬರೆಯಿರಿ.

ತಿದ್ದುತ್ತಾ ಹೋದರೆ ಮೊದಲಿದ್ದ ಜೀವ ಹೋಗಲ್ವಾ?

ತಿದ್ದುವುದು ಅಂದರೆ ಕಾಗುಣಿತ ಸರಿಮಾಡಿ ವಾಕ್ಯ ನಯಮಾಡುವುದು ಅಂದುಕೊಂಡರೆ ಹೋಗುತ್ತದೆ. ಮತ್ತೆ ಆ ದೃಶ್ಯದೊಳಗೆ ಹೋಗಿ ನಿಲ್ಲುವುದು ಅಂದುಕೊಂಡರೆ ದೊಡ್ಡ ಅಚ್ಚರಿಗಳು ಬರುವುದೇ ಆಗ.

ಟಾಲ್‌ಸ್ಟಾಯ್ 1876ರಲ್ಲಿ ಗೆಳೆಯ ಸ್ಟ್ರಾಖೋವ್‌ಗೆ ಬರೆದ ಪತ್ರದಲ್ಲಿ ಇಂಥದೊಂದು ಸಂಗತಿ ಇದೆ. 'ಅನ್ನಾ ಕರೆನಿನಾ'ದಲ್ಲಿ ಅನ್ನಾಳ ಗಂಡನನ್ನು ಕಂಡು ಬಂದ ಮೇಲೆ ಅವಳ ಪ್ರಿಯಕರ ವ್ರಾನ್‌ಸ್ಕಿಯ ಮನಸ್ಸು ಹೇಗಿತ್ತು ಅನ್ನುವ ಅಧ್ಯಾಯ ಎಂದೋ ಬರೆದಾಗಿತ್ತು. ಅದನ್ನು ತಿದ್ದಲು ಕೂತಾಗ ವ್ರಾನ್‌ಸ್ಕಿ ಗುಂಡು ಹೊಡೆದುಕೊಳ್ಳಲು ಹೊರಟುಬಿಟ್ಟ. ಬರೆಯುತ್ತಿದ್ದವರಿಗೇ ಅದು ಪೂರಾ ಅನಿರೀಕ್ಷಿತ. ಮುಂದಿನ ಕತೆಗೆ ಅದು ಬೇಕೇ ಬೇಕಿತ್ತು ಅಂತ ಆಮೇಲೆ ಗೊತ್ತಾಯಿತಂತೆ. ಇದು ನಡೆದದ್ದು ತಿದ್ದುವಾಗ ಅನ್ನುವುದನ್ನು ಗಮನಿಸಿ.

ನಾನು ಎಲ್ಲರಿಗೂ ಹೇಳುವ ಒಂದು ರೂಢಿ: ಮುಖ್ಯವಾದ ದೃಶ್ಯವನ್ನು ಹಳೆಯ ಕರಡು ನೋಡದೆ ಹೊಸದಾಗಿ ಬರೆಯಿರಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ ಉಳಿದದ್ದು ಕತೆಗೆ ಬೇಕಾದ್ದು. ಹೊಸದರಲ್ಲಿ ಮಾತ್ರ ಇರುವುದನ್ನು ಎರಡು ಸಲ ಓದಿ.

## ತುಂಬಾ ದಿನದಿಂದ ಬರೆಯುತ್ತಿರುವವರು

ನಾನು ಜರ್ಮನಿಯಲ್ಲಿದ್ದೀನಿ. ಏನು ಬರೆದರೂ ಊರಿನ ನೆನಪೇ ಆಗುತ್ತೆ, ಹೊಸದೇನೂ ಬರಲ್ಲ.

ದೂರ ಇರುವುದರಿಂದ ಲಾಭವೂ ಇದೆ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. ಸಬ್‌ಟೈಟಲ್ ಇರಲಿಲ್ಲ, ಸ್ವೀಡಿಷ್ ಬರುತ್ತಿರಲಿಲ್ಲ. ಪ್ಲೇಗ್ ಕಾಲದ ಆ ಚಿತ್ರದ ಅನುಭವ ಮತ್ತು ಅದರ ಬಗ್ಗೆ ಇಂಗ್ಲಿಷ್ ಲೇಖಕ ಮಾಲ್ಕಂ ಬ್ರ್ಯಾಡ್‌ಬರಿ ಜೊತೆ ಆಡಿದ ಮಾತು 'ಸಂಸ್ಕಾರ' ಬರೆಯಲು ಪ್ರೇರಣೆಯಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಪರದೇಶದ, ಮಾತು ಅರ್ಥವಾಗದ ಒಂದು ಸಿನಿಮಾ ಮಲೆನಾಡಿನ ಅಗ್ರಹಾರದ ಕತೆಯನ್ನು ಎಬ್ಬಿಸಿತು.

ನೀವೂ ಊರನ್ನು ನೇರವಾಗಿ ನೆನೆಯುವುದನ್ನು ಸ್ವಲ್ಪ ದಿನ ಬಿಡಿ. ನೀವಿರುವ ಊರಿನ ಒಂದು ಸಂಗತಿ ಬರೆಯಿರಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ ಬೀದಿ, ಕೆಳಗಿನ ಮನೆಯ ಅಜ್ಜಿ ಕಸ ಬೇರೆ ಮಾಡುವ ರೀತಿ. ಊರು ತನಗೆ ಬೇಕಾದಾಗ ಬರುತ್ತದೆ, ನೀವು ಕರೆಯದ ಬಾಗಿಲಿನಿಂದ ಬರುತ್ತದೆ.

ನಡೆದದ್ದನ್ನೇ ಬರೀತಿದ್ದೀನಿ, ನನ್ನ ತಾಯಿಯ ಬಗ್ಗೆ. ಎಲ್ಲ ಗೊತ್ತಿರೋದೇ. ಇದರಲ್ಲಿ ಅಚ್ಚರಿ ಎಲ್ಲಿ?

ಎಲ್ಲ ಗೊತ್ತು ಅನ್ನುವ ಮಾತನ್ನು ಪರೀಕ್ಷೆ ಮಾಡಿ. ತಾಯಿಯ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಬರೆಯಿರಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಏನು ಮಾಡುತ್ತಿದ್ದರು? ನೀವು ಶಾಲೆಯಲ್ಲಿದ್ದಿರಿ. ಆ ಎರಡು ಗಂಟೆಯ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ. ಅದನ್ನು ಕಲ್ಪಿಸಿ ತುಂಬಬೇಡಿ, ನಡೆದದ್ದು ಅಂತ ಓದುಗರಿಗೆ ಮಾತು ಕೊಟ್ಟ ಮೇಲೆ ಅದು ಸಲ್ಲದು. ಚಿಕ್ಕಮ್ಮನನ್ನು ಕೇಳಿ, ಪಕ್ಕದ ಮನೆಯವರನ್ನು ಕೇಳಿ. ಯಾರಿಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ. ಮಗಳಿಗೂ ತಿಳಿಯದ ಎರಡು ಗಂಟೆ ಅಮ್ಮನಿಗೆ ಇತ್ತು ಅನ್ನುವುದೇ ದೊಡ್ಡ ವಿಷಯ.

ನಿಮಗೊಂದು ಶೈಲಿ ಬಂದಿದೆ ಅಂತಾರೆ. ಈಗ ಕತೆ ಬರೆಯೋಕೆ ಮುಂಚೆಯೇ ಹೇಗೆ ಬರುತ್ತೆ ಅಂತ ನನಗೆ ಗೊತ್ತಾಗಿಬಿಡುತ್ತೆ.

ಇದು ಗಂಭೀರ ಸಮಸ್ಯೆ, ಒಳ್ಳೆಯ ಬರಹಗಾರರಿಗೇ ಬರುವಂಥದ್ದು. ಪೂರ್ಣಚಂದ್ರ ತೇಜಸ್ವಿ ಮೊದಲು ನವ್ಯ ಸಾಹಿತ್ಯ ಚಳವಳಿಯ ದಾರಿಯಲ್ಲೇ ಬರೆದವರು. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಆ ದಾರಿ ಬಿಡುತ್ತಿರುವುದನ್ನು ಬಿಚ್ಚಿ ಹೇಳಿದರು. ಮೂಡಿಗೆರೆಯ ತೋಟ, ಕಾಡು, ಮೀನು, ಹಕ್ಕಿ, ಸುತ್ತಲಿನ ಜನ ಎಲ್ಲ ಅವರ ಬರವಣಿಗೆಗೆ ಬಂದರು. ಭಾಷೆ ಬದಲಾಯಿತು, ನಗು ಬಂತು.

ಎಲ್ಲರೂ ಅಷ್ಟು ದೊಡ್ಡ ಹೆಜ್ಜೆ ಇಡಬೇಕು ಅಂತಿಲ್ಲ. ನಿಮ್ಮ ಕೊನೆಯ ಐದು ಕತೆ ಮುಂದಿಟ್ಟುಕೊಂಡು ಮೊದಲ ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯಿರಿ, ಕೊನೆಯ ವಾಕ್ಯಗಳನ್ನೂ ಬರೆಯಿರಿ. ಐದರಲ್ಲೂ ಕಿಟಕಿ ಇದೆಯಾ? ಐದರಲ್ಲೂ ಕೊನೆಗೆ ಯಾರಾದರೂ ಸುಮ್ಮನಾಗುತ್ತಾರಾ? ಆರನೆಯದರಲ್ಲಿ ಅದಕ್ಕೆ ನಿಷೇಧ ಹಾಕಿಕೊಳ್ಳಿ. ನಿಮಗೆ ಗೊತ್ತಿಲ್ಲದ ಒಂದು ಕೆಲಸವನ್ನೂ ಕಲಿಯಿರಿ. ಜೇನು ಸಾಕುವುದು, ಮೋಟಾರ್ ರಿಪೇರಿ, ಯಾವುದಾದರೂ ಸರಿ. ಹೊಸ ಕೆಲಸದ ಜೊತೆ ಹೊಸ ಪದ ಬರುತ್ತವೆ, ಆ ಪದಗಳು ನಿಮ್ಮ ಹಳೆಯ ವಾಕ್ಯದಲ್ಲಿ ಕೂರುವುದಿಲ್ಲ.

ಬರೆಯುತ್ತಾ ನನ್ನ ಬಗ್ಗೆ ನನಗೇ ಇಷ್ಟವಾಗದ್ದು ಹೊರಗೆ ಬಂತು. ಅಳಿಸಿಬಿಡಲಾ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಎಲ್ಲರೂ ಎದ್ದುಹೋದ ಮೇಲೆ ಬಂದು ಕೇಳುತ್ತಾರೆ. ಸೊಸೆಯ ಪರವಾಗಿ ಬರೆಯುತ್ತಿದ್ದೇನೆ ಅಂದುಕೊಂಡವರಿಗೆ ತಮ್ಮ ಒಳ್ಳೆಯ ಸಾಲುಗಳೆಲ್ಲ ಅತ್ತೆಯ ಬಾಯಲ್ಲಿ ಬಂದಿವೆ ಅಂತ ಗೊತ್ತಾಗುತ್ತದೆ. ಜಾತಿ ವಿರೋಧಿಸಿ ಬರೆದ ಕತೆಯಲ್ಲಿ, ಕೆಲಸದವಳಿಗೆ ಹೆಸರೇ ಇಟ್ಟಿಲ್ಲ ಅಂತ ಮೂರನೇ ಓದಿಗೆ ಕಣ್ಣಿಗೆ ಬೀಳುತ್ತದೆ. ಇದೂ ಅಚ್ಚರಿಯೇ, ಎಲ್ಲಕ್ಕಿಂತ ಕಷ್ಟದ್ದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಅಳಿಸಬೇಡಿ. ಕೂಡಲೇ ಅಚ್ಚಿಗೂ ಕಳಿಸಬೇಡಿ. ಮೊದಲು ಆ ಪಾತ್ರದ ಕಡೆಗೆ ತಿರುಗಿ. ಕೆಲಸದವಳಿಗೆ ಹೆಸರಿಡಿ, ಅವಳು ಗೇಟು ದಾಟಿ ಮನೆಗೆ ಹೋಗುವವರೆಗೆ ಜೊತೆ ನಡೆಯಿರಿ. ಅಲ್ಲಿ ಅಡುಗೆ ಯಾರು ಮಾಡಿಟ್ಟಿದ್ದಾರೆ, ಅವಳು ನಿಮ್ಮ ನಾಯಕಿಯನ್ನು ಮನೆಯವರ ಹತ್ತಿರ ಏನಂತ ಕರೆಯುತ್ತಾಳೆ ಅಂತ ಬರೆಯಿರಿ. ಅದು ಕತೆಯೊಳಗೆ ಉಳಿಯಬಹುದು, ಕತೆಯನ್ನೇ ನುಂಗಬಹುದು. ಬೇರೆಯವರ ಬದುಕಿನಿಂದ ತಂದ ವಿಷಯ ಅದರಲ್ಲಿದ್ದರೆ ಗುರುತು ಸಿಗದ ಹಾಗೆ ಬದಲಿಸಿ. ಬದಲಿಸಿದರೂ ಅವರಿಗೆ ನೋವಾಗುವಂಥದ್ದು ಆದರೆ ಅವರನ್ನು ಕೇಳಿ. ಬೇಡ ಅಂದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮುಂದಿನ ಕತೆ ಶುರು ಮಾಡುವ ಮುಂಚೆ ಆ ಪುಟಗಳನ್ನು ಒಮ್ಮೆ ತೆಗೆದು ಓದಿ.